ಗಂಡ ಹೆಂಡ್ತಿ ಇಬ್ರೇ ಜಪಾನ್‌ಗೆ ಹೋಗೋದಾದ್ರೆ: ಪ್ಯಾಕೇಜ್ ಟೂರ್ ಇಲ್ದೆ ಪ್ಲ್ಯಾನ್ ಮಾಡೋದು ಹೇಗೆ

ಜಪಾನ್ ಅಂದ ತಕ್ಷಣ ನಮ್ಮ ಜನ ಕೇಳೋದು ಎರಡೇ ಪ್ರಶ್ನೆ, ಎಷ್ಟು ದುಡ್ಡಾಗತ್ತೆ ಮತ್ತೆ ಅಲ್ಲಿ ತಿನ್ನೋಕೆ ಏನ್ ಸಿಗತ್ತೆ. ಈ ಎರಡು ಭಯಕ್ಕೇ ಎಷ್ಟೋ ಜನ ಗ್ರೂಪ್ ಪ್ಯಾಕೇಜ್ ತಗೊಂಡ್ಬಿಡ್ತಾರೆ, ಬೆಳಿಗ್ಗೆ ಬಸ್ ಹತ್ತು, ದೇವಸ್ಥಾನದ ಮುಂದೆ ಇಳಿ, ನಲವತ್ತು ನಿಮಿಷದಲ್ಲಿ ಫೋಟೋ ಹೊಡ್ಕೊಂಡು ವಾಪಸ್ ಬಾ, ಮಧ್ಯಾಹ್ನ ಇನ್ಯಾವುದೋ ಇಂಡಿಯನ್ ರೆಸ್ಟೋರೆಂಟಲ್ಲಿ ಅದೇ ಪನೀರ್ ಬಟರ್ ಮಸಾಲ. ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಅದು ಸರಿನೇ, ಬೇಡ ಅನ್ನಲ್ಲ. ಆದ್ರೆ ಇಬ್ರೇ ಹೋಗ್ತಿದ್ರೆ ಪ್ಯಾಕೇಜ್ ಯಾಕ್ರೀ? ಟ್ರೈನು ಟೈಮಿಗೆ ಬರತ್ತೆ, ಬೋರ್ಡೆಲ್ಲ ಇಂಗ್ಲಿಷಲ್ಲೂ ಇರತ್ತೆ, ರಾತ್ರಿ ಹತ್ತು ಗಂಟೆಗೆ ಇಬ್ರೂ ಗಲ್ಲಿಲಿ ನಡ್ಕೊಂಡು ಬಂದ್ರೂ ಹೆದರಿಕೆ ಇಲ್ಲ. ನೀವು ಮಾಡ್ಬೇಕಾಗಿರೋದು ಒಂದೇ, ಊರುಗಳ ಲಿಸ್ಟನ್ನ ಅರ್ಧಕ್ಕೆ ಇಳಿಸೋದು.

ಹನ್ನೊಂದು ರಾತ್ರಿ, ಹನ್ನೆರಡು ದಿನ ಇದೆ ಅಂತಿಟ್ಕೊಳ್ಳಿ. ಟೋಕಿಯೊ ನಾಲ್ಕು ರಾತ್ರಿ, ಬಿಸಿನೀರಿನ ಬುಗ್ಗೆಗಳ ಊರು ಹಕೊನೆ ಒಂದು ರಾತ್ರಿ, ಕ್ಯೋಟೊ ನಾಲ್ಕು ರಾತ್ರಿ, ಕೋಯಾಸಾನ್ ಬೆಟ್ಟದ ಮೇಲೆ ದೇವಸ್ಥಾನದಲ್ಲಿ ಒಂದು ರಾತ್ರಿ, ಒಸಾಕಾ ಒಂದು ರಾತ್ರಿ. ಸಾಕು. ಹಿರೋಶಿಮಾ, ಹಿಮೇಜಿ, ಕನಜಾವಾ, ತಕಾಯಾಮಾ ಎಲ್ಲ ಇದಕ್ಕೇ ತುರುಕೋಕೆ ಹೋದ್ರೆ ದಿನಾ ಸೂಟ್‌ಕೇಸ್ ಕಟ್ಟೋದೇ ಕೆಲಸ ಆಗಿ ಮೂರನೇ ದಿನಕ್ಕೆ ಇಬ್ರಿಗೂ ಜಗಳ ಗ್ಯಾರಂಟಿ. ಹಿರೋಶಿಮಾ ನೋಡ್ಲೇಬೇಕು ಅನ್ಸಿದ್ರೆ ಒಸಾಕಾನ ಬಿಟ್ಟು ಆ ರಾತ್ರಿನ ಅಲ್ಲಿಗೆ ಕೊಡಿ, ಬೆಳಿಗ್ಗೆ ಪೀಸ್ ಮೆಮೋರಿಯಲ್ ಮ್ಯೂಸಿಯಂ, ಸಂಜೆ ಫೆರಿ ಹತ್ತಿ ಮಿಯಾಜಿಮಾ ದ್ವೀಪ, ಅಲ್ಲೇ ಉಳ್ಕೊಂಡ್ರೆ ಡೇ ಟ್ರಿಪ್ ಜನ ಎಲ್ಲ ಹೋದ್ಮೇಲೆ ಇತ್ಸುಕುಶಿಮಾ ದೇವಸ್ಥಾನದ ನೀರಲ್ಲಿ ನಿಂತಿರೋ ತೋರಣನ ಆರಾಮಾಗಿ ನೋಡಬಹುದು, ಉಬ್ಬರ ಇಳಿತದ ಟೈಮ್ ಮಾತ್ರ ಮೊದಲೇ ನೋಡ್ಕೊಂಡಿರಿ.

ಯಾವಾಗ ಹೋಗೋದು

ಎಲ್ರೂ ಹೇಳೋದು ಸಕುರಾ, ಅಂದ್ರೆ ಚೆರಿ ಹೂವಿನ ಟೈಮು. ಟೋಕಿಯೊ ಕ್ಯೋಟೊ ಕಡೆ ಮಾರ್ಚ್ ಕೊನೆ ವಾರದಿಂದ ಏಪ್ರಿಲ್ ಮೊದಲ ವಾರ, ಪ್ರತಿ ವರ್ಷ ಸ್ವಲ್ಪ ಆಚೀಚೆ. ಚೆನ್ನಾಗಿರತ್ತೆ, ಸುಳ್ಳಲ್ಲ, ಆದ್ರೆ ಹೋಟೆಲ್ ರೇಟು ಆಕಾಶಕ್ಕೆ ಹೋಗಿರತ್ತೆ, ಕ್ಯೋಟೊದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಹೂವು ಒಂದು ವಾರ ಲೇಟಾಗಿ ಬಂದ್ರೆ ಅದೂ ಇಲ್ಲ. ಸುಮ್ನೆ ಗುಲಾಬಿ ಹೂವಿನ ಫೋಟೋ ಬೇಕು ಅಂದ್ರೆ ಬೆಂಗಳೂರಲ್ಲೇ ಟಬೆಬುಯಾ ಬಿಡೋ ಟೈಮಲ್ಲಿ ಒಂದು ರೌಂಡ್ ಹೊಡೀರಿ ಸ್ವಾಮಿ. ನಮ್ಮ ಬೇಸಿಗೆ ರಜೆಗೆ ಸರಿಯಾಗಿ ಅಲ್ಲಿ ಗೋಲ್ಡನ್ ವೀಕ್ ಅನ್ನೋ ಸಾಲು ರಜೆ ಬರತ್ತೆ, ಏಪ್ರಿಲ್ 29ರಿಂದ ಮೇ 5ರ ತನಕ, ಇಡೀ ಜಪಾನೇ ಟ್ರೈನಲ್ಲಿ ಇರತ್ತೆ, ಆ ವಾರ ಬೇಡವೇ ಬೇಡ. ಜೂನ್ ಮಧ್ಯದಿಂದ ಜುಲೈ ಮಧ್ಯದ ತನಕ ಮಳೆ, ಆಮೇಲೆ ಆಗಸ್ಟ್ ಮಂಗಳೂರಿನ ಏಪ್ರಿಲ್‌ಗಿಂತ ಕಮ್ಮಿ ಏನಿಲ್ಲ, ಬೆವರು ಸುರಿಯತ್ತೆ.

ನನ್ನ ಆಯ್ಕೆ ಡಿಸೆಂಬರ್ ಮೊದಲ ಹದಿನೈದು ದಿನ. ಕ್ಯೋಟೊದಲ್ಲಿ ಕೆಂಪು ಮೇಪಲ್ ಎಲೆ ನವೆಂಬರ್ ಕೊನೆಗೆ ಪೂರ್ತಿ ಬಣ್ಣಕ್ಕೆ ಬಂದು ಡಿಸೆಂಬರ್ ಶುರುವಲ್ಲೂ ಅಷ್ಟೋ ಇಷ್ಟೋ ಉಳಿದಿರತ್ತೆ, ಜನ ಕಮ್ಮಿ ಆಗಿರ್ತಾರೆ, ಚಳಿ ತಡ್ಕೊಳ್ಳೋ ಅಷ್ಟೇ, ಮತ್ತೆ ಮುಖ್ಯವಾಗಿ ಫುಜಿ ಬೆಟ್ಟ ಚಳಿಗಾಲದ ಬೆಳಿಗ್ಗೆ ಕಾಣೋ ಅಷ್ಟು ಸ್ಪಷ್ಟವಾಗಿ ಬೇಸಿಗೆಲಿ ಕಾಣಲ್ಲ, ಬೇಸಿಗೆಲಿ ಹೋದೋರು ಎಷ್ಟೋ ಜನ ಮೋಡ ನೋಡ್ಕೊಂಡು ಬಂದಿದ್ದಾರೆ.

ವೀಸಾ, ಟಿಕೆಟ್, ಪೇಪರ್ ಕೆಲಸ

ನಮ್ಮ ಪಾಸ್‌ಪೋರ್ಟ್‌ಗೆ ಟೂರಿಸ್ಟ್ ವೀಸಾ 2024ರ ಏಪ್ರಿಲ್‌ನಿಂದ ಇ-ವೀಸಾ ಆಗಿದೆ, ಅರ್ಜಿ ಮಾತ್ರ ವಿಎಫ್‌ಎಸ್ ಸೆಂಟರ್ ಮೂಲಕನೇ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ದಿನದಿನದ ಪ್ಲ್ಯಾನು, ಹೋಟೆಲ್ ಬುಕಿಂಗ್ ಎಲ್ಲ ಕೊಡ್ಬೇಕು. ಇಬ್ಬರಲ್ಲಿ ಒಬ್ರು ಖರ್ಚು ನೋಡ್ಕೊಳ್ತಿದ್ರೆ, ಇನ್ನೊಬ್ರ ಪಾಸ್‌ಪೋರ್ಟಲ್ಲಿ ಗಂಡ ಅಥವಾ ಹೆಂಡತಿ ಹೆಸರು ಸೇರಿಸಿಲ್ಲ ಅಂದ್ರೆ ಮದುವೆ ಸರ್ಟಿಫಿಕೇಟ್ ರೆಡಿ ಇಟ್ಕೊಳ್ಳಿ. ಒಂದು ವಿಷಯ ನೆನಪಿರ್ಲಿ, ಏರ್‌ಪೋರ್ಟಲ್ಲಿ ಇ-ವೀಸಾನ ಫೋನಲ್ಲಿ ಇಂಟರ್ನೆಟ್ ಆನ್ ಮಾಡಿ ಲೈವ್ ಆಗಿ ತೋರಿಸ್ಬೇಕು, ಪ್ರಿಂಟ್ ಔಟು ಸ್ಕ್ರೀನ್‌ಶಾಟು ನಡೆಯಲ್ಲ, ಆದ್ರಿಂದ ಇಬ್ರ ಫೋನಲ್ಲೂ ಲಾಗಿನ್ ಮಾಡಿಟ್ಕೊಂಡಿರಿ, ಇಬ್ರಿಗೂ ಇ-ಸಿಮ್ ಹಾಕಿಸ್ಕೊಳ್ಳಿ. ವಿಸಿಟ್ ಜಪಾನ್ ವೆಬ್ ಅಂತ ಅವರ ಸೈಟಲ್ಲಿ ಇಮಿಗ್ರೇಶನ್ ಕಸ್ಟಮ್ಸ್ ವಿವರ ಮನೇಲೇ ತುಂಬಿ ಕ್ಯೂಆರ್ ಕೋಡ್ ತಗೊಂಡ್ರೆ ಅಲ್ಲಿ ಇಳಿದ್ಮೇಲೆ ಫಾರಂ ಬರೆಯೋ ಕಷ್ಟ ಇರಲ್ಲ.

ಬೆಂಗಳೂರಿಂದ ಟೋಕಿಯೊ ನರಿತಾಗೆ ಜಪಾನ್ ಏರ್‌ಲೈನ್ಸ್ ಡೈರೆಕ್ಟ್ ಫ್ಲೈಟ್ ಇದೆ, ಎಂಟೂವರೆ ಗಂಟೆ ಹತ್ರ. ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಮೂಲಕ ಹೋದ್ರೆ ಕೆಲವು ಸಲ ಕಮ್ಮಿ ಬೀಳತ್ತೆ. ಆ ಥರ ಹೋಗೋದಾದ್ರೆ ಟೋಕಿಯೊದಲ್ಲಿ ಇಳಿದು ಒಸಾಕಾ ಕನ್ಸಾಯ್ ಏರ್‌ಪೋರ್ಟಿಂದ ವಾಪಸ್ ಹತ್ತೋ ಹಾಗೆ ಟಿಕೆಟ್ ತಗೊಳ್ಳಿ, ಮತ್ತೆ ಟೋಕಿಯೊ ತನಕ ಬರೋ ಖರ್ಚು, ಅರ್ಧ ದಿನ ಎರಡೂ ಉಳಿಯತ್ತೆ.

ಲಗೇಜಲ್ಲಿ ಹಸಿ ಕರಿಬೇವು, ಹಣ್ಣು, ತರಕಾರಿ ಹಾಕ್ಬೇಡಿ, ಕ್ವಾರಂಟೈನ್‌ನೋರು ಹಿಡೀತಾರೆ, ಮಾಂಸದ ಪದಾರ್ಥ ಅಂತೂ ಬೇಡವೇ ಬೇಡ. ಶೀತದ ಮಾತ್ರೆ ಬಗ್ಗೆನೂ ಹುಷಾರು, ಸ್ಯೂಡೋಎಫೆಡ್ರಿನ್, ಕೋಡಿನ್ ಇರೋ ಔಷಧಿಗೆ ಅಲ್ಲಿ ಬಿಗಿ ಕಾನೂನು ಇದೆ, ನಮ್ಮಲ್ಲಿ ಮೆಡಿಕಲ್ ಶಾಪಲ್ಲಿ ಆರಾಮಾಗಿ ಸಿಗತ್ತೆ ಅಂತ ಸ್ಟ್ರಿಪ್‌ಗಟ್ಟಲೆ ತುಂಬ್ಕೊಂಡು ಹೋಗ್ಬೇಡಿ, ಹಿಂದೆ ಬರೆದಿರೋದನ್ನ ಓದಿ ಹಾಕ್ಕೊಳ್ಳಿ. ಕರೆಂಟ್ ಅಲ್ಲಿ 100 ವೋಲ್ಟು, ಚಪ್ಪಟೆ ಎರಡು ಕಡ್ಡಿ ಪ್ಲಗ್ಗು, ಫೋನ್ ಚಾರ್ಜರ್ ಅಡಾಪ್ಟರ್ ಇದ್ರೆ ಓಡತ್ತೆ, ನಮ್ಮ ಕೆಟಲ್ ತಗೊಂಡು ಹೋದ್ರೆ ನೀರು ಕಾಯೋದ್ರಲ್ಲಿ ಬೆಳಗಾಗತ್ತೆ.

ಟ್ರೈನು ಮತ್ತೆ ದುಡ್ಡು

ಹಳೇ ವಿಡಿಯೋ ನೋಡಿ ಜೆಆರ್ ಪಾಸ್, ಅಂದ್ರೆ ಜಪಾನ್ ರೈಲ್ವೇಸ್‌ನ ಟೂರಿಸ್ಟ್ ಪಾಸ್ ತಗೊಳ್ಳೋಕೆ ಹೋಗ್ಬೇಡಿ. 2023ರ ಅಕ್ಟೋಬರಲ್ಲಿ ಏಳು ದಿನದ ಪಾಸನ್ನ 29,650 ಯೆನ್‌ನಿಂದ 50,000 ಯೆನ್‌ಗೆ ಏರಿಸಿದ್ರು. ಟೋಕಿಯೊ ಕ್ಯೋಟೊ ಶಿಂಕಾನ್‌ಸೆನ್, ಅಂದ್ರೆ ಬುಲೆಟ್ ಟ್ರೈನ್ ಟಿಕೆಟ್ ಒಂದು ಕಡೆಗೆ ಒಬ್ರಿಗೆ ಸುಮಾರು 14,000, ನೀವು ಒಂದೇ ಕಡೆ ಹೋಗೋದು, ಪಾಸಿಂದ ನಷ್ಟನೇ. ಯೆನ್ ರೇಟು ಏರಿಳಿತ ಇದ್ದೇ ಇರತ್ತೆ, ಸುಮ್ನೆ 1 ಯೆನ್‌ಗೆ 60 ಪೈಸೆ ಅಂತ ತಲೇಲಿ ಇಟ್ಕೊಂಡು ಲೆಕ್ಕ ಹಾಕಿ.

ಊರೊಳಗಿನ ಟ್ರೈನು ಮೆಟ್ರೋ ಬಸ್ಸಿಗೆ ಸುಯಿಕಾ ಅಥವಾ ಇಕೋಕಾ ಅನ್ನೋ ರೀಚಾರ್ಜ್ ಕಾರ್ಡ್, ಎರಡರಲ್ಲಿ ಯಾವುದಾದ್ರೂ ಒಂದು, ಟೋಕಿಯೊ ಕಾರ್ಡ್ ಕ್ಯೋಟೊದಲ್ಲೂ ನಡೆಯತ್ತೆ. ಒಬ್ಬೊಬ್ಬರಿಗೆ ಒಂದೊಂದು ಬೇಕು, ಒಂದೇ ಕಾರ್ಡಲ್ಲಿ ಇಬ್ರು ಗೇಟ್ ದಾಟೋಕೆ ಆಗಲ್ಲ. ಕೊಂಬಿನಿ ಅಂತಾರೆ ಅಲ್ಲಿ ಸೆವೆನ್ ಇಲೆವೆನ್, ಲಾಸನ್ ಥರದ ಅಂಗಡಿಗಳಿಗೆ, ಅಲ್ಲೂ ಇದೇ ಕಾರ್ಡ್ ಟಪ್ ಅಂತ ತೋರಿಸಿದ್ರೆ ಆಯ್ತು. ಕ್ಯಾಶು ಸೆವೆನ್ ಇಲೆವೆನ್ ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಬರತ್ತೆ. ದೇವಸ್ಥಾನ, ಸಣ್ಣ ಹೋಟೆಲ್, ಹಳ್ಳಿ ಬಸ್ಸು ಇವಕ್ಕೆಲ್ಲ ಕ್ಯಾಶ್ ಬೇಕೇ ಬೇಕು, ಚಿಲ್ಲರೆ ರಾಶಿ ಆಗತ್ತೆ, ಒಂದು ಚಿಲ್ಲರೆ ಪರ್ಸ್ ಇಟ್ಕೊಳ್ಳಿ.

ಸೂಟ್‌ಕೇಸ್ ವಿಷಯ ಸ್ವಲ್ಪ ತಲೆ ಕೆಡಿಸ್ಕೊಳ್ಳಿ. ಸ್ಟೇಷನ್‌ಗಳಲ್ಲಿ ಮೆಟ್ಟಿಲು ಜಾಸ್ತಿ, ಲಿಫ್ಟ್ ಯಾವುದೋ ಮೂಲೇಲಿ ಇರತ್ತೆ, ಶಿಂಕಾನ್‌ಸೆನ್‌ನಲ್ಲಿ ಉದ್ದ ಅಗಲ ಎತ್ತರ ಮೂರೂ ಕೂಡಿ 160 ಸೆಂಟಿಮೀಟರ್ ದಾಟಿದ್ರೆ ಲಗೇಜ್ ಜಾಗ ಇರೋ ಸೀಟನ್ನೇ ಬುಕ್ ಮಾಡ್ಬೇಕು. ಅಲ್ಲಿನೋರು ಮಾಡೋದು ತಕ್ಯುಬಿನ್, ಹೋಟೆಲ್ ರಿಸೆಪ್ಷನ್‌ನಲ್ಲಿ ಪೆಟ್ಟಿಗೆ ಕೊಟ್ಟು ಮುಂದಿನ ಹೋಟೆಲ್ ಅಡ್ರೆಸ್ ಬರೆದ್ರೆ ಮಾರನೇ ದಿನ ಅಲ್ಲಿ ಹೋಗಿ ಕೂತಿರತ್ತೆ, ಎರಡು ಮೂರು ಸಾವಿರ ಯೆನ್. ಟೋಕಿಯೊ ಹೋಟೆಲಿಂದ ನೇರ ಕ್ಯೋಟೊ ಹೋಟೆಲಿಗೆ ಕಳಿಸಿ, ನೀವು ಒಂದೇ ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಹಕೊನೆಗೆ ಹೋಗಿ, ಇದೊಂದು ಖರ್ಚಿಗೆ ಜಿಪುಣತನ ಮಾಡ್ಬೇಡಿ.

ಹೋಟೆಲ್ ಬುಕ್ ಮಾಡೋವಾಗ ಸೆಮಿ ಡಬಲ್ ಅಂತ ಇದ್ರೆ ಮುಂದಕ್ಕೆ ಹೋಗಿ. ಅದು 120ರಿಂದ 140 ಸೆಂಟಿಮೀಟರ್ ಅಗಲದ ಮಂಚ, ಹೊಸದಾಗಿ ಮದುವೆ ಆಗಿರೋರಿಗೂ ಎರಡನೇ ರಾತ್ರಿಗೆ ಸಾಕಪ್ಪಾ ಸಾಕು ಅನ್ಸಿಬಿಡತ್ತೆ. ರೂಮೂ ಸಣ್ಣದು, ಎರಡು ಪೆಟ್ಟಿಗೆ ಒಟ್ಟಿಗೆ ಬಿಚ್ಚೋಕೆ ಆಗಲ್ಲ, ಹಾಗಾಗಿ ಟ್ವಿನ್ ರೂಮ್ ತಗೊಳ್ಳಿ, ರೂಮ್ ಸೈಜ್ ಎಷ್ಟು ಚದರ ಮೀಟರ್ ಅಂತ ನೋಡಿ, 18ರ ಮೇಲಿದ್ರೆ ಚೆನ್ನಾಗಿರತ್ತೆ. ಟಾಯ್ಲೆಟ್ ಬಗ್ಗೆ ಮಾತ್ರ ಏನೂ ಯೋಚನೆ ಬೇಡ, ಹೆಚ್ಚಿನ ಕಡೆ ನೀರು ಬರೋ ವಾಶ್‌ಲೆಟ್ಟು, ಯುರೋಪ್ ಟ್ರಿಪ್ಪಿನ ಪೇಪರ್ ಕಷ್ಟ ಇಲ್ಲಿಲ್ಲ.

ಟೋಕಿಯೊ: ನಮ್ಮ ದೇವರನ್ನ ಹುಡ್ಕೊಂಡು

ಅಸಾಕುಸಾದ ಸೆನ್ಸೊ-ಜಿ ಎಲ್ರೂ ಹೋಗೋ ಜಾಗ, ಟೋಕಿಯೊದ ತುಂಬ ಹಳೇ ದೇವಸ್ಥಾನ, ದೊಡ್ಡ ಕೆಂಪು ಲಾಂದ್ರ ತೂಗಿರೋ ಕಮಿನಾರಿಮೊನ್ ಬಾಗಿಲು. ಬೆಳಿಗ್ಗೆ ಏಳರ ಒಳಗೆ ಹೋಗಿ, ಅಂಗಡಿ ಬೀದಿ ತೆಗೆದಿರಲ್ಲ ಆದ್ರೆ ಜನನೂ ಇರಲ್ಲ. ಆಮೇಲೆ ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಮತ್ಸುಚಿಯಾಮಾ ಶೋದೆನ್ ಅಂತ ಸಣ್ಣ ಗುಡ್ಡದ ಮೇಲೆ ಒಂದು ದೇವಸ್ಥಾನ ಇದೆ, ಟೂರ್ ಬಸ್ಸುಗಳು ಅಲ್ಲಿ ನಿಲ್ಲಲ್ಲ. ಅಲ್ಲಿರೋ ದೇವರು ಕಾಂಗಿತೆನ್, ಅಂದ್ರೆ ನಮ್ಮ ಗಣೇಶ! ಮೂರ್ತಿ ಗುಪ್ತ, ಯಾರಿಗೂ ತೋರಿಸಲ್ಲ, ನೈವೇದ್ಯಕ್ಕೆ ಕಡುಬಿಲ್ಲ, ಮೂಲಂಗಿ. ಇಡೀ ಮೂಲಂಗಿನ ಅಲ್ಲೇ ಕೊಂಡು ಇಡ್ತಾರೆ, ಅರ್ಪಿಸಿದ ಮೂಲಂಗಿನ ಬಂದೋರಿಗೆ ಪ್ರಸಾದದ ಥರ ಕೊಡ್ತಾರೆ. ಒಂದಕ್ಕೊಂದು ಹೆಣೆದಿರೋ ಜೋಡಿ ಮೂಲಂಗಿ ಚಿಹ್ನೆ ಅಲ್ಲಲ್ಲಿ ಕೆತ್ತಿದ್ದಾರೆ, ಅದು ಗಂಡ ಹೆಂಡ್ತಿ ಹೊಂದಾಣಿಕೆಗೆ ಅಂತೆ, ಜಗಳ ಆಡ್ಕೊಂಡು ಬಂದಿದ್ರೆ ಇಲ್ಲಿ ರಾಜಿ ಆಗ್ಬಿಡಿ.

ಊಎನೊ ಪಾರ್ಕಿನ ಶಿನೊಬಾಜು ಕೆರೆ ಮಧ್ಯೆ ಇರೋ ಗುಡಿ ಬೆಂಜೈತೆನ್‌ದು, ಸರಸ್ವತಿ, ವೀಣೆ ಬದಲು ಬಿವಾ ಅನ್ನೋ ವಾದ್ಯ ಹಿಡ್ಕೊಂಡಿರ್ತಾಳೆ, ಜುಲೈ ಆಗಸ್ಟಲ್ಲಿ ಕೆರೆ ತುಂಬ ತಾವರೆ. ಕಿಚಿಜೋಜಿಯ ಇನೊಕಾಶಿರಾ ಪಾರ್ಕ್ ಕೆರೇಲೂ ಇವಳದೇ ಗುಡಿ, ಅಲ್ಲಿ ಜೋಡಿಯಾಗಿ ದೋಣಿ ಹತ್ತಿದ್ರೆ ದೇವಿಗೆ ಹೊಟ್ಟೆಕಿಚ್ಚಾಗಿ ಬೇರೆ ಮಾಡ್ತಾಳೆ ಅಂತ ಅಲ್ಲಿನೋರ ನಂಬಿಕೆ, ಆದ್ರೂ ಭಾನುವಾರ ಹಂಸದ ದೋಣಿಗೆ ಕ್ಯೂ ನೋಡ್ಬೇಕು ನೀವು. ಇನ್ನೂ ಒಂದು, ಮೊನ್ಜೆನ್-ನಕಾಚೊ ಸ್ಟೇಷನ್ ಹತ್ರ ಫುಕಾಗಾವಾ ಫುದೊದೊ ದೇವಸ್ಥಾನದಲ್ಲಿ ದಿನಾ ಹಲವು ಸಲ ಗೋಮಾ ನಡೆಯತ್ತೆ, ಅಂದ್ರೆ ನಮ್ಮ ಹೋಮನೇ, ದೊಡ್ಡ ದೊಡ್ಡ ನಗಾರಿ ಬಡೀತಾ ಬೆಂಕಿಗೆ ಸಮಿತ್ತು ಹಾಕ್ತಾ ಮಂತ್ರ ಹೇಳ್ತಾರೆ, ಎದೆ ನಡುಗತ್ತೆ. ಯಾರು ಬೇಕಾದ್ರೂ ಕೂತು ನೋಡಬಹುದು, ದುಡ್ಡು ಕೊಡ್ಬೇಕಾಗಿಲ್ಲ, ಒಳಗೆ ಫೋಟೋ ತೆಗೀಬೇಡಿ.

ಮೆಯ್ಜಿ ಜಿಂಗು ಬೇರೆ ಥರ. 1920ರಲ್ಲಿ ಮೆಯ್ಜಿ ಚಕ್ರವರ್ತಿ ಮತ್ತೆ ಮಹಾರಾಣಿ ಶೋಕೆನ್ ಹೆಸರಲ್ಲಿ ಕಟ್ಟಿದ ಶಿಂತೊ, ಅಂದ್ರೆ ಜಪಾನಿನ ಮೂಲ ಧರ್ಮದ ದೇವಾಲಯ, ಸುತ್ತ ಇರೋ ಕಾಡೂ ಜನ ನೆಟ್ಟಿದ್ದು. ಮುಖ್ಯ ಗುಡಿ ಮುಂದೆ ಎಡಗಡೆ ಎರಡು ಕರ್ಪೂರದ ಮರಕ್ಕೆ ಹಗ್ಗ ಕಟ್ಟಿದ್ದಾರೆ, ಗಂಡ ಹೆಂಡತಿ ಮರ ಅಂತ. ಶನಿವಾರ ಭಾನುವಾರ ಹೋದ್ರೆ ಸಾಂಪ್ರದಾಯಿಕ ಮದುವೆ ಮೆರವಣಿಗೆ ಕಾಣೋ ಚಾನ್ಸ್ ಜಾಸ್ತಿ. ಪೂಜೆ ಕ್ರಮ ಹೀಗೆ: ಬಾಗಿಲ ಹತ್ರ ನೀರಿನ ತೊಟ್ಟೀಲಿ ಸೌಟಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳ್ಕೊಂಡು, ಎಡಗೈಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ, ಸೌಟಿಗೆ ಬಾಯಿ ಹಚ್ಚೋ ಹಾಗಿಲ್ಲ. ಆಮೇಲೆ ಕಾಣಿಕೆ ಹಾಕಿ ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ, ಕೈ ಮುಗಿದು ಬೇಡ್ಕೊಂಡು ಕೊನೆಗೆ ಒಂದು ಸಲ ಬಗ್ಗೋದು. ಇದು ಶಿಂತೊ ಗುಡಿಗೆ ಮಾತ್ರ, ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಹೊಡೀಬೇಡಿ, ಸುಮ್ನೆ ಕೈ ಮುಗೀರಿ. ಮುಂದೆ ತೋರಣದ ಥರ ಕಂಬ ಇದ್ರೆ ಶಿಂತೊ, ಅಗರಬತ್ತಿ ಹೊಗೆ ಬರ್ತಿದ್ರೆ ಬೌದ್ಧರದು ಅಂತ ಅಂದಾಜು ಮಾಡ್ಕೊಳ್ಳಿ.

ಎತ್ತರದಿಂದ ಊರು ನೋಡೋಕೆ ಶಿಬುಯಾ ಸ್ಕೈ ಅಂತ ಒಂದು ಕಟ್ಟಡದ ತಾರಸಿ ಇದೆ, ಅದರ ಸೂರ್ಯಾಸ್ತದ ಟಿಕೆಟ್ ಬೇಗ ಖಾಲಿ ಆಗತ್ತೆ, ಸಿಗ್ಲಿಲ್ಲ ಅಂದ್ರೆ ಬೇಜಾರ್ ಬೇಡ, ಶಿಂಜುಕುದಲ್ಲಿ ಟೋಕಿಯೊ ಸರ್ಕಾರದ ಆಫೀಸ್ ಬಿಲ್ಡಿಂಗಿನ 45ನೇ ಮಹಡಿಗೆ ಫ್ರೀ ಆಗಿ ಬಿಡ್ತಾರೆ, 202 ಮೀಟರ್ ಎತ್ತರ. ಜನವರಿ, ಮೇ, ಸೆಪ್ಟೆಂಬರಲ್ಲಿ ಹೋಗ್ತಿದ್ರೆ ರ್ಯೋಗೊಕುದಲ್ಲಿ ಸುಮೊ ಪಂದ್ಯ ನಡೀತಿರತ್ತೆ, ಟಿಕೆಟ್ ಸಿಕ್ರೆ ಬಿಡ್ಬೇಡಿ, ಕುಸ್ತಿಗಿಂತ ಮುಂಚೆ ಉಪ್ಪು ಎರಚಿ ಅಖಾಡ ಶುದ್ಧ ಮಾಡೋದೇ ನೋಡೋ ಹಾಗಿರತ್ತೆ.

ಹಕೊನೆ, ಬಿಸಿನೀರು, ಮತ್ತೆ ನಾಚಿಕೆ ವಿಷಯ

ಶಿಂಜುಕುದಿಂದ ಒಡಾಕ್ಯು ಕಂಪನಿಯ ರೊಮ್ಯಾನ್ಸ್‌ಕಾರ್ ಅನ್ನೋ ಟ್ರೈನೇ ಇದೆ, ಹೆಸರಿಗಾದ್ರೂ ಅದ್ರಲ್ಲೇ ಹೋಗಿ, ಒಂದೂವರೆ ಗಂಟೆ. ಹಕೊನೆ ಫ್ರೀ ಪಾಸ್ ತಗೊಂಡ್ರೆ ಬೆಟ್ಟದ ಟ್ರೈನು, ಕೇಬಲ್ ಕಾರು, ರೋಪ್‌ವೇ, ಆಶಿ ಸರೋವರದ ಹಡಗು ಎಲ್ಲ ಸೇರಿರತ್ತೆ, ರೊಮ್ಯಾನ್ಸ್‌ಕಾರ್ ಸೀಟಿಗೆ ಮಾತ್ರ ಎಕ್ಸ್‌ಟ್ರಾ. ಓವಾಕುದಾನಿಲಿ ಗಂಧಕದ ಹೊಗೆ ಬರೋ ಜಾಗದಲ್ಲಿ ಕಪ್ಪು ಸಿಪ್ಪೆ ಮೊಟ್ಟೆ ಬೇಯಿಸಿ ಮಾರ್ತಾರೆ, ಒಂದು ತಿಂದ್ರೆ ಏಳು ವರ್ಷ ಆಯಸ್ಸು ಜಾಸ್ತಿ ಅಂತೆ.

ಇಲ್ಲಿ ರ್ಯೊಕಾನ್, ಅಂದ್ರೆ ಜಪಾನಿನ ಸಾಂಪ್ರದಾಯಿಕ ಹೋಟೆಲಲ್ಲಿ ಒಂದು ರಾತ್ರಿ, ಟ್ರಿಪ್ಪಿನ ದುಬಾರಿ ರಾತ್ರಿ ಇದೇ, ಎರಡು ಊಟ ಸೇರಿ ಒಬ್ರಿಗೆ ಇಪ್ಪತ್ತು ಸಾವಿರ ಯೆನ್ ಮೇಲೇನೇ. ಸಂಜೆ ಐದರೊಳಗೆ ಹೋಗಿ ಸೇರ್ಕೊಳ್ಳಿ, ರಾತ್ರಿ ಊಟದ ಟೈಮ್ ಅವರು ಫಿಕ್ಸ್ ಮಾಡಿರ್ತಾರೆ. ಚಾಪೆ ಥರದ ತತಾಮಿ ಮೇಲೆ ಚಪ್ಪಲಿ ಬೇಡ, ಅವರು ಕೊಡೋ ಯುಕಾತಾ ಅನ್ನೋ ಹತ್ತಿ ನಿಲುವಂಗಿನ ಹಾಕ್ಕೊಳ್ಳೋವಾಗ ಎಡಗಡೆ ಪಟ್ಟಿ ಮೇಲೆ ಬರ್ಬೇಕು, ಬಲಗಡೆ ಮೇಲೆ ಬಂದ್ರೆ ಅದು ಹೆಣಕ್ಕೆ ಹಾಕೋ ಕ್ರಮ. ಇನ್ನು ಒನ್ಸೆನ್ ಅಂದ್ರೆ ಬಿಸಿನೀರಿನ ಕೊಳ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಮೈಮೇಲೆ ಒಂದು ದಾರನೂ ಇಲ್ದೆ ಇಳೀಬೇಕು, ಮೊದಲು ಕೂತು ಸೋಪ್ ಹಾಕಿ ಪೂರ್ತಿ ಸ್ನಾನ ಮಾಡಿ ಆಮೇಲೆ ನೀರಿಗೆ. ಟ್ಯಾಟೂ ಇದ್ರೆ ಕೆಲವು ಕಡೆ ಬಿಡಲ್ಲ. ಇದೆಲ್ಲ ಆಗಲ್ಲ ಅನ್ನೋರು, ಅಥವಾ ಇಬ್ರೂ ಒಟ್ಟಿಗೇ ಇರ್ಬೇಕು ಅನ್ನೋರು, ಬುಕ್ ಮಾಡೋವಾಗಲೇ ಕಾಶಿಕಿರಿ ಅಥವಾ ಪ್ರೈವೇಟ್ ಬಾತ್ ಇದ್ಯಾ ನೋಡಿ, ಮುಕ್ಕಾಲು ಗಂಟೆ ಆ ಕೊಳ ನಿಮ್ಮಿಬ್ರಿಗೇ. ನನ್ನ ಕೇಳಿದ್ರೆ ಇಡೀ ಟ್ರಿಪ್ಪಲ್ಲಿ ದುಡ್ಡು ಹಾಕ್ಬೇಕಾಗಿರೋ ಜಾಗ ಇದು, ಬೇಕಾದ್ರೆ ಟೋಕಿಯೊದಲ್ಲಿ ಒಂದು ದರ್ಜೆ ಕಮ್ಮಿ ಹೋಟೆಲ್ ತಗೊಳ್ಳಿ.

ಮಾರನೇ ದಿನ ಒಡವಾರಾದಿಂದ ಶಿಂಕಾನ್‌ಸೆನ್ ಹಿಡಿದು ಕ್ಯೋಟೊ. ತುಂಬ ಫಾಸ್ಟ್ ಇರೋ ನೊಜೊಮಿ ಒಡವಾರಾದಲ್ಲಿ ನಿಲ್ಲಲ್ಲ, ಹಿಕಾರಿ ಕೆಲವೇ ನಿಲ್ಲತ್ತೆ, ಟೈಮ್ ನೋಡಿ ಬುಕ್ ಮಾಡಿ. ಹೋಗೋವಾಗ ಬಲಗಡೆ ಕಿಟಕಿ, ಇ ಅಕ್ಷರದ ಸೀಟು, ಫುಜಿ ಕಾಣೋದು ಆ ಕಡೆ.

ಕ್ಯೋಟೊ: ಬೆಳಿಗ್ಗೆ ಬೇಗ, ಮಧ್ಯಾಹ್ನ ನಿದ್ದೆ

ಕ್ಯೋಟೊದಲ್ಲಿ ಜನಜಂಗುಳಿ ಅಂತ ಬೈಕೊಂಡು ಬರೋರೆಲ್ಲ ಹತ್ತು ಗಂಟೆ ಮೇಲೆ ಹೊರಟೋರು. ಫುಶಿಮಿ ಇನಾರಿ, ಆ ಸಾವಿರಾರು ಕೆಂಪು ತೋರಣದ ಬೆಟ್ಟ, 24 ಗಂಟೆ ತೆಗೆದಿರತ್ತೆ, ಫ್ರೀ, ಕ್ಯೋಟೊ ಸ್ಟೇಷನ್ನಿಂದ ಎರಡನೇ ಸ್ಟಾಪು. ಆರೂವರೆಗೆ ಅಲ್ಲಿರಿ, ಬೆಟ್ಟ 233 ಮೀಟರ್ ಅಷ್ಟೇ, ಮೇಲಕ್ಕೆ ಹೋದಷ್ಟೂ ಜನ ಕಮ್ಮಿ, ನರಿ ಮೂರ್ತಿಗಳು, ಪಾಚಿ ಹಿಡಿದ ಸಣ್ಣ ಸಣ್ಣ ಗುಡಿಗಳು. ಇನ್ನೊಂದು ದಿನ ಕಿಯೊಮಿಜು-ದೇರಾ, ಅದು ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೀತಾರೆ, ಮೊಳೆ ಹೊಡೀದೆ ಮರದ ಕಂಬಗಳ ಮೇಲೆ ನಿಲ್ಲಿಸಿರೋ 13 ಮೀಟರ್ ಎತ್ತರದ ಜಗಲಿ, ಈಗಿರೋದು 1633ರಲ್ಲಿ ಮತ್ತೆ ಕಟ್ಟಿದ್ದು. ಹನ್ನೊಂದಕ್ಕೆಲ್ಲ ಹೋಟೆಲಿಗೆ ವಾಪಸ್ ಬಂದು ಮಲ್ಕೊಳ್ಳಿ, ನಾಲ್ಕಕ್ಕೆ ಮತ್ತೆ ಹೊರಡಿ. ದಿನಕ್ಕೆ ಹದಿನೈದು ಇಪ್ಪತ್ತು ಸಾವಿರ ಹೆಜ್ಜೆ ಆಗತ್ತೆ, ಮಧ್ಯಾಹ್ನದ ನಿದ್ದೆ ಬೇಕೇ ಬೇಕು. ಬಸ್ಸುಗಳು ತುಂಬಿ ತುಳುಕ್ತಿರತ್ತೆ, ಆದಷ್ಟು ಟ್ರೈನು ಸಬ್‌ವೇ ಹಿಡಿದು ಉಳಿದಿದ್ದು ನಡೀರಿ.

ಕಿನ್ಕಾಕು-ಜಿ, ಬಂಗಾರದ ಮಂಟಪ, ನೋಡಿ ಆದ್ರೆ ಅರ್ಧ ಗಂಟೆ ಸಾಕು, 1950ರಲ್ಲಿ ಒಬ್ಬ ಎಳೇ ಸನ್ಯಾಸಿನೇ ಬೆಂಕಿ ಹಚ್ಚಿ ಸುಟ್ಟು ಈಗಿರೋದು 1955ರದ್ದು. ಅದಕ್ಕಿಂತ ಸಾಂಜುಸಾಂಗೆಂದೊಗೆ ಟೈಮ್ ಕೊಡಿ. 120 ಮೀಟರ್ ಉದ್ದದ ಮರದ ಹಜಾರ, ಒಳಗೆ 1001 ಕನ್ನೊನ್ ಮೂರ್ತಿ ಸಾಲಾಗಿ ನಿಂತಿದೆ, ಅವಲೋಕಿತೇಶ್ವರ ಅಂದ್ರೆ ನಮಗೆ ಗೊತ್ತಾಗತ್ತೆ, ಮುಂದೆ ಕಾವಲಿಗೆ 28 ದೇವತೆಗಳು, ಅದರಲ್ಲಿ ಎಷ್ಟೋ ನಮ್ಮ ದೇಶದಿಂದ ಹೋದೋರು, ಗರುಡನ್ನ ಹುಡುಕಿ, ಕೊಳಲು ಊದ್ತಿರ್ತಾನೆ. ಫೋಟೋ ತೆಗೆಯೋ ಹಾಗಿಲ್ಲ, ಅದ್ರಿಂದಲೇ ಅಲ್ಲಿ ಜನ ನಿಜವಾಗಿ ನೋಡ್ತಾರೆ.

ಕಿಮೊನೊ ಬಾಡಿಗೆಗೆ ಸಿಗತ್ತೆ, ಜೋಡಿ ಪ್ಲ್ಯಾನ್ ಇರತ್ತೆ, ಗಂಡಸರಿಗೂ ಉಡಿಸ್ತಾರೆ. ಸೀರೆ ಉಟ್ಟು ಓಡಾಡಿ ಅಭ್ಯಾಸ ಇರೋರಿಗೆ ಅಷ್ಟೇನು ಕಷ್ಟ ಇಲ್ಲ ಆದ್ರೆ ಹೆಜ್ಜೆ ಚಿಕ್ಕದಾಗತ್ತೆ, ನಿನೆನ್‌ಜಾಕಾ ಸನ್ನೆನ್‌ಜಾಕಾ ಕಲ್ಲಿನ ಮೆಟ್ಟಿಲು ಇಳಿಯೋಕೆ ಹುಷಾರು, ಆವತ್ತು ಒಂದೇ ಏರಿಯಾದಲ್ಲಿ ಇರಿ. ಗಿಯೊನ್ ಅನ್ನೋ ಹಳೇ ಏರಿಯಾದಲ್ಲಿ ಗೇಯ್‌ಶಾ, ಅಂದ್ರೆ ಸಾಂಪ್ರದಾಯಿಕ ಹಾಡು ಕುಣಿತದ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡ್ಕೊಂಡು ಓಡೋರ ಕಾಟ ತಡೀಲಾರದೆ 2024ರಲ್ಲಿ ಅಲ್ಲಿನ ಖಾಸಗಿ ಗಲ್ಲಿಗಳನ್ನ ಟೂರಿಸ್ಟರಿಗೆ ಬಂದ್ ಮಾಡಿದ್ದಾರೆ, ಒಳಗೆ ಹೋದ್ರೆ 10,000 ಯೆನ್ ದಂಡ ಅಂತ ಬೋರ್ಡಿದೆ. ಸಂಜೆ ಕಮೊ ನದಿ ದಡಕ್ಕೆ ಬನ್ನಿ, ಜೋಡಿಗಳು ಅಳತೆಪಟ್ಟಿ ಹಿಡಿದು ಕೂರಿಸಿದಂಗೆ ಸಮ ಅಂತರ ಬಿಟ್ಟು ಸಾಲಾಗಿ ಕೂತಿರ್ತಾರೆ, ನೀವೂ ಒಂದು ಗ್ಯಾಪ್ ನೋಡಿ ಕೂತ್ಕೊಳ್ಳಿ. ಕೈ ಕೈ ಹಿಡ್ಕೊಂಡ್ರೆ ಯಾರೂ ಏನೂ ಅನ್ನಲ್ಲ, ಅದಕ್ಕಿಂತ ಮುಂದಿನದ್ದು ಅಲ್ಲಿನೋರು ರಸ್ತೇಲಿ ಮಾಡಲ್ಲ.

ಒಂದು ದಿನ ನಾರಾ. ಸಾವಿರಕ್ಕೂ ಮೇಲೆ ಜಿಂಕೆ ಊರಲ್ಲೇ ಓಡಾಡ್ತವೆ, ಬಿಸ್ಕೆಟ್ ಕೈಲಿ ಕಂಡ್ರೆ ತಲೆ ಬಗ್ಗಿಸಿ ನಮಸ್ಕಾರ ಮಾಡ್ತವೆ, ಕೊಡ್ಲಿಲ್ಲ ಅಂದ್ರೆ ದುಪಟ್ಟಾ ಹಿಡಿದು ಎಳೀತವೆ. ತೋದಾಯ್-ಜಿ ಒಳಗಿನ 15 ಮೀಟರ್ ಬುದ್ಧನ ಮುಂದೆ ನಿಂತಾಗ ಇದು ಗೊತ್ತಿರ್ಲಿ, 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದೋರು ಬೋಧಿಸೇನ ಅನ್ನೋ ಭಾರತದ ಸನ್ಯಾಸಿ, ನಾವು ಮೂರ್ತಿಗೆ ನೇತ್ರೋನ್ಮೀಲನ ಮಾಡಿಸ್ತೀವಲ್ಲ ಅದೇ. ಕುಂಚಕ್ಕೆ ಉದ್ದ ದಾರ ಕಟ್ಟಿ ಸೇರಿದ್ದ ಜನ ಎಲ್ಲ ಆ ದಾರ ಹಿಡ್ಕೊಂಡಿದ್ರಂತೆ. ವಾಪಸ್ ಬರೋವಾಗ ಉಜಿಲಿ ಇಳಿದು ಮಾಚಾ ಅನ್ನೋ ಹಸಿರು ಟೀ ಕುಡೀರಿ, ಅಲ್ಲಿನ ಬ್ಯೊದೊ-ಇನ್ ದೇವಸ್ಥಾನ 10 ಯೆನ್ ನಾಣ್ಯದ ಮೇಲೇ ಇದೆ, ಕೈಲಿ ನಾಣ್ಯ ಹಿಡ್ಕೊಂಡು ಹೋಲಿಸಿ ನೋಡ್ಬಹುದು.

ಊಟ

ಮಾಂಸಾಹಾರಿಗಳಿಗೆ ಜಪಾನ್ ಸ್ವರ್ಗ, ನಾನು ಹೇಳೋದೇನಿಲ್ಲ. ಸಸ್ಯಾಹಾರಿಗಳಿಗೆ ಶತ್ರು ಒಂದೇ, ದಾಶಿ. ಒಣಗಿಸಿದ ಮೀನಿನ ಸಾರು ಅದು, ಮಿಸೊ ಸೂಪಲ್ಲಿ, ಸೋಬಾ ಉಡೊನ್ ನೂಡಲ್ಸ್ ರಸದಲ್ಲಿ, ಬೇಯಿಸಿದ ತರಕಾರಿಲೂ ಇರತ್ತೆ. ವೆಜಿಟೇರಿಯನ್ ಅಂದ್ರೆ ಮಾಂಸದ ತುಂಡು ಇಲ್ಲ ಅಂತ ಅಷ್ಟೇ ಅರ್ಥ ಮಾಡ್ಕೊಳ್ತಾರೆ, ಮೋಸ ಅಲ್ಲ, ಅವರ ಲೆಕ್ಕದಲ್ಲಿ ದಾಶಿ ಮಾಂಸನೇ ಅಲ್ಲ. ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡ ಅಂತ ಜಪಾನೀಸಲ್ಲಿ ಬರೆದು ಫೋನಲ್ಲಿ ಇಟ್ಕೊಳ್ಳಿ, ಒಳಗೆ ಕೂರೋಕೆ ಮುಂಚೆನೇ ತೋರಿಸಿ. ದಾಶಿ ನಡೆಯತ್ತಾ ಇಲ್ವಾ ಅನ್ನೋದನ್ನ ಗಂಡ ಹೆಂಡ್ತಿ ಮನೇಲೇ ಮಾತಾಡ್ಕೊಂಡು ಹೋಗಿ, ಒಬ್ರಿಗೆ ಪರವಾಗಿಲ್ಲ ಇನ್ನೊಬ್ರಿಗೆ ಆಗಲ್ಲ ಅಂದ್ರೆ ಹಸಿದ ಹೊಟ್ಟೇಲಿ ರಾತ್ರಿ ಒಂಬತ್ತಕ್ಕೆ ಹೋಟೆಲ್ ಮುಂದೆ ನಿಂತು ಮಾಡೋ ಚರ್ಚೆ ಅಲ್ಲ ಅದು.

ಆರಾಮಾಗಿ ಸಿಗೋದು ಅಂದ್ರೆ ಸುಶಿ ಅಂಗಡೀಲಿ ಸೌತೆಕಾಯಿ ಹಾಕಿರೋ ಕಪ್ಪಾ ಮಾಕಿ, ಚಳಿಗಾಲದಲ್ಲಿ ಸುಟ್ಟ ಗೆಣಸು, ಕೆಂಪು ಅವರೆ ಹೂರಣ ತುಂಬಿದ ಅಕ್ಕಿ ಉಂಡೆ ಮೋಚಿ, ಅದೇ ಹೂರಣದ ಮೀನಿನ ಆಕಾರದ ಸಿಹಿ ತಾಯಾಕಿ, ಕೊಕೊ ಇಚಿಬಾನ್ಯಾ ಅನ್ನೋ ಕರಿ ಹೋಟೆಲಿನ ಹಲವು ಬ್ರಾಂಚಲ್ಲಿ ವೆಜಿಟೇರಿಯನ್ ಕರಿ. ಇನ್ನು ನಮ್ಮ ಬ್ರಹ್ಮಾಸ್ತ್ರ: ಕೊಂಬಿನಿಲಿ ಮೈಕ್ರೋವೇವ್‌ಗೆ ಇಡೋ ಅನ್ನದ ಪ್ಯಾಕ್ ಸಿಗತ್ತೆ, ಅಂಟಂಟು ಅನ್ನ, ಜೊತೆಗೆ ಸಕ್ಕರೆ ಇಲ್ದಿರೋ ಮೆಯ್ಜಿ ಬಲ್ಗೇರಿಯಾ ಮೊಸರಿನ ಡಬ್ಬ, ಮನೆಯಿಂದ ತಂದ ಉಪ್ಪಿನಕಾಯಿ. ಆ ಅಂಟು ಅನ್ನ ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಚಟ್ನಿಪುಡಿ, ಗೊಜ್ಜವಲಕ್ಕಿ ಪ್ಯಾಕೆಟ್ ಬ್ಯಾಗಲ್ಲಿ ಇರ್ಲಿ. ಇಡ್ಲಿ ದೋಸೆ ನೆನಪಾದ್ರೆ ಟೋಕಿಯೊದಲ್ಲಿ ನಿಶಿ-ಕಸಾಯ್ ಕಡೆ ಹೋಗಿ, ನಮ್ಮ ಐಟಿ ಜನ ಜಾಸ್ತಿ ಇರೋ ಏರಿಯಾ, ಇಂಡಿಯನ್ ದಿನಸಿ ಅಂಗಡಿನೂ ಇದೆ.

ಕೋಯಾಸಾನ್, ಇದನ್ನ ಮಾತ್ರ ಬಿಡ್ಬೇಡಿ

ಒಸಾಕಾದ ನಂಬಾ ಸ್ಟೇಷನ್ನಿಂದ ನಂಕಾಯ್ ಟ್ರೈನಲ್ಲಿ ಬೆಟ್ಟದ ಬುಡದ ತನಕ, ಅಲ್ಲಿಂದ ಕಡಿದಾದ ಕೇಬಲ್ ಕಾರು, ಮೇಲೆ ಬಸ್ಸು. 800 ಮೀಟರ್ ಎತ್ತರದಲ್ಲಿ ಇಡೀ ಊರೇ ದೇವಸ್ಥಾನ. 816ರಲ್ಲಿ ಕೂಕಾಯ್ ಅನ್ನೋ ಗುರು ಸ್ಥಾಪಿಸಿದ್ದು, ಕೊಬೊ ದಾಯ್ಶಿ ಅಂತ ಭಕ್ತಿಯಿಂದ ಕರೀತಾರೆ, ಚೀನಾಕ್ಕೆ ಹೋಗಿ ಕಲ್ತು ತಂದ ಶಿಂಗೊನ್ ಅನ್ನೋ ಬೌದ್ಧ ಪಂಥದಲ್ಲಿ ಮಂತ್ರ, ಮುದ್ರೆ, ಮಂಡಲ, ಹೋಮ ಎಲ್ಲ ಇದೆ. ಐವತ್ತರಷ್ಟು ದೇವಸ್ಥಾನಗಳಲ್ಲಿ ರೂಮ್ ಕೊಡ್ತಾರೆ, ಶುಕುಬೊ ಅಂತ ಹೆಸರು. ಊಟ ಶೋಜಿನ್ ರ್ಯೋರಿ, ಪೂರ್ತಿ ಸಸ್ಯಾಹಾರ, ದಾಶಿನೂ ಕಡಲ ಪಾಚಿ ಅಣಬೆದು, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ, ನಮ್ಮ ಮಡಿ ಅಜ್ಜಿನ ಕರ್ಕೊಂಡು ಹೋದ್ರೂ ಊಟ ಮಾಡ್ತಾರೆ. ಎಳ್ಳಿನ ತೋಫು, ಕೋಯಾ ತೋಫು ಇಲ್ಲಿನ ವಿಶೇಷ. ಊಟ ಸಂಜೆ ಆರಕ್ಕೆಲ್ಲ ಬಡಿಸ್ತಾರೆ, ಬೆಳಿಗ್ಗೆ ಆರು ಆರೂವರೆಗೆ ಪೂಜೆ, ಕೂರೋಕೆ ಬಿಡ್ತಾರೆ. ಬಾತ್‌ರೂಮ್ ಹೆಚ್ಚಿನ ಕಡೆ ಕಾಮನ್, ಚಳಿ ಜಾಸ್ತಿ, ಸ್ವೆಟರ್ ಬೇಕು.

ಓಕುನೊಇನ್ ಅಂತ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಆಕಾಶದ ತನಕ ಬೆಳೆದ ಸೀಡರ್ ಮರ, ಎರಡು ಲಕ್ಷಕ್ಕೂ ಮೇಲೆ ಸಮಾಧಿಗಳು. ಕೊನೇಲಿ ಕೊಬೊ ದಾಯ್ಶಿಯ ಸಮಾಧಿ ಮಂದಿರ. 835ರಲ್ಲಿ ಅವರು ತೀರ್ಕೊಂಡಿಲ್ಲ, ಧ್ಯಾನಕ್ಕೆ ಕೂತಿದ್ದಾರೆ, ಈಗ್ಲೂ ಕೂತೇ ಇದ್ದಾರೆ ಅಂತ ನಂಬಿಕೆ, ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತೆ ಹತ್ತೂವರೆಗೆ, ಸನ್ಯಾಸಿಗಳು ಅವರಿಗೆ ಊಟ ಹೊತ್ಕೊಂಡು ಹೋಗ್ತಾರೆ. ಮಂತ್ರಾಲಯದಲ್ಲಿ ರಾಯರ ಬೃಂದಾವನದ ಮುಂದೆ ನಿಂತೋರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಕೊನೇ ಸೇತುವೆ ದಾಟಿದ್ಮೇಲೆ ಫೋಟೋ, ಟೋಪಿ, ತಿಂಡಿ ಯಾವುದೂ ಇಲ್ಲ. ರಾತ್ರಿನೂ ಹೋಗಬಹುದು, ಲಾಂದ್ರ ಹಚ್ಚಿರ್ತಾರೆ.

ಇನ್ನು ಸಣ್ಣಪುಟ್ಟದ್ದು

ಟ್ರೈನಲ್ಲಿ ಫೋನಲ್ಲಿ ಮಾತಾಡ್ಬೇಡಿ, ಇಬ್ರೂ ಮಾತಾಡೋವಾಗಲೂ ಮೆತ್ತಗೆ. ಟಿಪ್ಸ್ ಕೊಡೋ ಹಾಗಿಲ್ಲ, ಕೊಟ್ರೆ ಹಿಂದೆ ಓಡಿ ಬಂದು ವಾಪಸ್ ಕೊಡ್ತಾರೆ. ರಸ್ತೇಲಿ ಕಸದ ಬುಟ್ಟಿ ಸಿಗೋದೇ ಕಷ್ಟ, 1995ರಲ್ಲಿ ಟೋಕಿಯೊ ಮೆಟ್ರೋದಲ್ಲಿ ವಿಷಾನಿಲ ದಾಳಿ ಆದ್ಮೇಲೆ ಎಷ್ಟೋ ಕಡೆ ತೆಗೆದ್ರು, ಒಂದು ಪ್ಲಾಸ್ಟಿಕ್ ಕವರ್ ಬ್ಯಾಗಲ್ಲಿ ಇಟ್ಕೊಂಡು ಕಸ ಹೋಟೆಲಿಗೇ ತನ್ನಿ. ಎಸ್ಕಲೇಟರಲ್ಲಿ ಟೋಕಿಯೊದಲ್ಲಿ ಎಡಗಡೆ ನಿಲ್ತಾರೆ, ಒಸಾಕಾದಲ್ಲಿ ಬಲಗಡೆ, ಮುಂದೆ ಇರೋರನ್ನ ನೋಡಿ ನಿಂತ್ಕೊಳ್ಳಿ. ಶೂ ಬಿಚ್ಚೋದು ಹಾಕೋದು ದಿನಕ್ಕೆ ಹತ್ತು ಸಲ, ಲೇಸ್ ಇಲ್ದಿರೋ ಶೂ, ತೂತಿಲ್ಲದ ಸಾಕ್ಸ್. ಅನ್ನದ ಬಟ್ಟಲಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿ ಇಡ್ಬೇಡಿ, ಅದು ಸತ್ತೋರಿಗೆ ಇಡೋ ಕ್ರಮ. ಏನೇ ಬೇಕಾದ್ರೂ, ದಾರಿ ಕೇಳೋಕೂ, ಕಾಲು ತುಳಿದ್ರೂ, ಸರ್ವರ್‌ನ ಕರೆಯೋಕೂ ಸುಮಿಮಾಸೆನ್ ಅನ್ನಿ, ಅದೊಂದು ಮಾತಲ್ಲಿ ಅರ್ಧ ಜಪಾನ್ ಓಡಾಡ್ಬಹುದು.

ನೆನಪಿಗೆ ಏನಾದ್ರೂ ತರ್ಬೇಕು ಅಂದ್ರೆ ಫ್ರಿಜ್ ಮ್ಯಾಗ್ನೆಟ್ ಬೇಡ, ಮೊದಲ ದೇವಸ್ಥಾನದಲ್ಲೇ ಗೊಶುಯಿನ್ ಪುಸ್ತಕ ಒಂದು ತಗೊಳ್ಳಿ, ಇಬ್ರಿಗೂ ಸೇರಿ ಒಂದೇ ಸಾಕು, ಹೋದ ಹೋದ ಕಡೆ 300ರಿಂದ 500 ಯೆನ್ ಕೊಟ್ರೆ ಸನ್ಯಾಸಿಗಳು ಕುಂಚದಲ್ಲಿ ದೇವರ ಹೆಸರು, ತಾರೀಕು ಬರೆದು ಕೆಂಪು ಮುದ್ರೆ ಒತ್ತಿ ಕೊಡ್ತಾರೆ, ದರ್ಶನ ಮಾಡಿ ಆಮೇಲೆ ಕೇಳೋದು ಮರ್ಯಾದೆ. ಬಹಳ ಕಡೆ ನಾಲ್ಕು ಐದಕ್ಕೆ ಆ ಕೌಂಟರ್ ಮುಚ್ಚಿಬಿಡ್ತಾರೆ. ವಾಪಸ್ ಬರೋ ದಿನ ಉಳಿದ ಚಿಲ್ಲರೆನ ಏರ್‌ಪೋರ್ಟ್ ಸ್ಟೇಷನ್ ಮಶೀನಲ್ಲಿ ಸುಯಿಕಾಗೆ ಹಾಕಿ ಕೊಂಬಿನಿಲಿ ಚಾಕ್ಲೇಟ್ ತಗೊಂಡ್ರೆ ಆಯ್ತು, ನಾಣ್ಯನ ಇಲ್ಲಿ ಯಾರೂ ಎಕ್ಸ್‌ಚೇಂಜ್ ಮಾಡ್ಕೊಡಲ್ಲ.